ಕಂಡು ಉಣ್ಣುವ ನೇಮದವರು

ಹೊಸದುರ್ಗದಿಂದ ಕೊಬ್ಬರಿ ಹೇರಿಕೊಂಡು ದುರ್ಗಕ್ಕೆ ಬಂದ ಗಾಡಿಯವನು ನಮ್ಮ ಶಾಲೆಯ ಮುಂದೆ ಎತ್ತು ನಿಲ್ಲಿಸಿ, ಆ ಊರಲ್ಲಿ ನಾನು ಹಿಂದೆ ಇದ್ದ ಮನೆಯ ಯಜಮಾನರು ತೀರಿಕೊಂಡರೆಂದು ಹೇಳಿದ. ನಾನು ಕೇಳಿದ ಮೊದಲ ಮಾತು, "ಅವತ್ತು ಉಂಡಿದ್ರೇನಪ್ಪ?" ಎಂದು.

ಗಾಡಿಯವನಿಗೆ ಆಶ್ಚರ್ಯವಾಗಲಿಲ್ಲ. ಆ ಊರಿನವನಲ್ಲವೇ. "ಉಂಡಿದ್ರು ಸ್ವಾಮಿ. ಬೆಳಗ್ಗೇನೇ ಏನೋ ಕಂಡ್ರಂತೆ. ಎರಡು ರೊಟ್ಟಿ ತಿಂದು, ಮಜ್ಜಿಗೆ ಕುಡಿದು, ಗ್ವಾಡೆಗೆ ಒರಗಿ ಕುಂತೋರು ಹಂಗೇ ಹೋಗ್ಬಿಟ್ರು" ಎಂದ. ನನ್ನ ಮನಸ್ಸಿಗೆ ಸಮಾಧಾನವಾಯಿತು. ಪಕ್ಕದಲ್ಲಿದ್ದ ಹೊಸ ಉಪಾಧ್ಯಾಯರೊಬ್ಬರು, "ಸತ್ತವರು ಉಂಡಿದ್ದರೋ ಇಲ್ಲವೋ ಎಂದು ಕೇಳುವುದು ಯಾವ ಶಾಸ್ತ್ರ ಸ್ವಾಮಿ?" ಎಂದು ನಕ್ಕರು. ಶಾಸ್ತ್ರವಲ್ಲ ಎಂದೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು. ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನಾನು ಹಿರೇಗುಂಟನೂರಿನ ಕಡೆಯವನು. ನಮ್ಮಪ್ಪ ಕುರಿ ಕಾಯುತ್ತಿದ್ದರು, ಅವರಪ್ಪನೂ ಕುರಿ ಕಾಯುತ್ತಿದ್ದರು. ನಮ್ಮ ಮನೆತನದಲ್ಲಿ ಸ್ಲೇಟು ಹಿಡಿದ ಮೊದಲ ಕೈ ನನ್ನದು, ಹೆಸರಿನ ಜೊತೆಗೆ ಬಿ.ಎ. ಎಂದು ಬರೆದುಕೊಂಡ ಕೈಯೂ ಇದೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುರ್ಗದಲ್ಲಿ ಮಂಡಿಯ ಜಗಲಿಯ ಮೇಲೆ ಮಲಗಿ, ಊರಿಂದ ಬಂದ ರೊಟ್ಟಿಯ ಗಂಟನ್ನು ವಾರವೆಲ್ಲ ನೆನೆಸಿ ತಿಂದು ಹೈಸ್ಕೂಲು ಓದಿದೆ. ಬೆಂಗಳೂರಿನಲ್ಲಿ ವಕೀಲರೊಬ್ಬರ ಮಕ್ಕಳಿಗೆ ಪಾಠ ಹೇಳುತ್ತ ಕಾಲೇಜು ಮುಗಿಸಿದೆ. ಆಮೇಲೆ ಹೊಸದುರ್ಗದ ಮಿಡ್ಲ್ ಸ್ಕೂಲಿನಲ್ಲಿ ಕೆಲಸವಾಯಿತು.

ಕೆಲಸ ಸಿಕ್ಕಿದಷ್ಟು ಸುಲಭವಾಗಿ ಆ ಊರಲ್ಲಿ ಕೋಣೆ ಸಿಗಲಿಲ್ಲ. "ಮೇಷ್ಟ್ರಿಗೆ ಇಲ್ಲ ಅಂತೀವಾ, ಬರ್ರಿ, ಕುಂತ್ಕಳ್ರಿ" ಎಂದವರೇ ಕುಲ ಕೇಳಿದ ಮೇಲೆ, ಕೋಣೆಯಲ್ಲಿ ಮೆಣಸಿನಕಾಯಿ ಮೂಟೆ ಇಟ್ಟುಬಿಟ್ಟಿದ್ದೇವಲ್ಲ ಎನ್ನುತ್ತಿದ್ದರು. ಊರಿನ ಕೋಣೆಗಳೆಲ್ಲ ಮೆಣಸಿನಕಾಯಿಯಿಂದ ತುಂಬಿಹೋಗಿರುವುದನ್ನು ನಾನು ಆ ವಾರ ತಿಳಿದುಕೊಂಡೆ.

ಕೊನೆಗೆ ಯಾರೋ ಪೇಟೆಬೀದಿಯ ತುದಿಯ ಮನೆ ತೋರಿಸಿದರು. ಶಿವಾಚಾರದ ವರ್ತಕರ ಮನೆ. ಕೊಬ್ಬರಿ ವ್ಯಾಪಾರವನ್ನು ಮಗನಿಗೆ ಬಿಟ್ಟುಕೊಟ್ಟು ಇವರು ಮನೆಯಲ್ಲಿದ್ದರು. ಅರವತ್ತು ದಾಟಿತ್ತು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ. ರುಮಾಲು ಮಾತ್ರ ಯಾವಾಗಲೂ ಒಂದು ಕಿವಿಯ ಮೇಲಕ್ಕೆ ಜಾರಿರುತ್ತಿತ್ತು. ಸದಾ ಬಗ್ಗಿ ಏನನ್ನಾದರೂ ನೋಡುವವರ ತಲೆಯ ಮೇಲೆ ರುಮಾಲು ನೆಟ್ಟಗೆ ಹೇಗೆ ನಿಂತೀತು? ನಾನು ಹೋದಾಗಲೂ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸಂದಿಯನ್ನು ನೋಡುತ್ತಿದ್ದರು.

ಅವರೂ ಕುಲ ಕೇಳಿದರು. ಹೇಳಿದೆ.

"ಹಂಗಾರೆ ಮನ್ಯಾಗೆ ಕುರಿ ಅವೇನು?"

"ಇವೆ. ನಾನು ಕಾಯುವುದನ್ನು ಬಿಟ್ಟು ಬಹಳ ದಿನವಾಯಿತು. ಬಿ.ಎ. ಆಗಿದೆ" ಎಂದೆ, ಸ್ವಲ್ಪ ಬಿಗಿಯಾಗಿಯೇ.

"ಆಗಿದ್ರೆ ಆಗ್ಲಿ ಬಿಡ್ರಿ, ಅದ್ರಿಂದ ನಮಗೇನೂ ತೊಂದ್ರೆ ಇಲ್ಲ. ಅಲ್ಲ, ಈ ಕುರಿಗೆ..." ಎಂದು ಏನೋ ಕೇಳಹೊರಟವರು ತಟ್ಟನೆ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು. "ಬ್ಯಾಡ, ಹೇಳಬ್ಯಾಡ್ರಿ. ನಾನೇ ನೋಡ್ಕತೀನಿ. ಸಾಮಾನು ಎಲ್ಲೈತೆ? ತಂದಿಡ್ರಿ ಒಳಗೆ."

ಪಡಸಾಲೆಯ ಪಕ್ಕದ ಕೋಣೆ ನನ್ನದಾಯಿತು. ಪಡಸಾಲೆಯಿಂದಾಚೆಗೆ ಒಳಮನೆಗೆ ನಾನು ಹೋಗುವ ಹಾಗಿರಲಿಲ್ಲ. ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಹೆಂಡತಿ ಸಂಜೆ ಹೊತ್ತು ರೊಟ್ಟಿ ಪಲ್ಯವನ್ನು ಕೋಣೆಯ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದರು. ಆ ತಾಯಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮಾರನೆಯ ದಿನ ಬೆಳಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಬೀದಿಯ ಆ ತುದಿಯಿಂದ ಒಂದು ಕೂಗು ಕೇಳಿಸಿತು. "ಗಂಗಾಳ ಇಡೇ! ಸಿಕ್ತು!" ಅವರು ದಾಪುಗಾಲು ಹಾಕುತ್ತ ಬಂದು ನನ್ನ ಮುಂದೆ ನಿಂತು, ತಮ್ಮ ಮೇಲ್ದುಟಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, "ಕುರೀಗೆ ಇಲ್ಲಿ ಮುಂದಿನ ಹಲ್ಲೇ ಇಲ್ಲ ಮೇಷ್ಟ್ರೇ! ಬರೀ ವಸಡು! ಕೆಳಗಿನ ಹಲ್ಲನ್ನ ಆ ವಸಡಿಗೆ ಒತ್ತಿ ಹುಲ್ಲು ಕೀಳ್ತೈತೆ. ನಿಮಗೆ ಗೊತ್ತಿತ್ತೇನು?" ಎಂದರು.

"ನಡೆಯಲು ಕಲಿಯುವುದಕ್ಕೆ ಮುಂಚೆಯೇ ಗೊತ್ತಿತ್ತು" ಎಂದೆ.

ಮುಖ ಬಾಡುತ್ತದೆ ಎಂದುಕೊಂಡಿದ್ದೆ. ಬದಲಿಗೆ ಇನ್ನೂ ಅರಳಿತು. "ಹಂಗಾರೆ ನಿಜವೇ ಅಂದಂಗಾಯ್ತು!" ಎಂದು ನನ್ನ ಹೆಗಲು ತಟ್ಟಿದರು.

ಒಳಗಿಂದ ಅಮ್ಮನ ದನಿ ಬಂತು. "ಊರ ಕುರಿಗೆಲ್ಲ ಹಲ್ಲು ನೋಡಿದ್ದಾಯ್ತಲ್ಲ, ಬರ್ರಿ ಒಳಗೆ. ಕೈ ಮಾತ್ರ ತೊಳಕಂಡು ಬರ್ರಿ."

ಕಾಲೇಜಿನಲ್ಲಿ ಕುರಿಯ ಮಾತು ಬಂದರೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಇಲ್ಲಿ ಸಾಹುಕಾರರೊಬ್ಬರು ಕುರಿಯ ಬಾಯಿಗೆ ಕೈ ಹಾಕಿ, ರುಮಾಲು ಜಾರಿಸಿಕೊಂಡು, ಅದರ ಹಲ್ಲಿನ ಸುದ್ದಿಯನ್ನು ಬೀದಿಯುದ್ದಕ್ಕೂ ಸಾರುತ್ತ ಬಂದಿದ್ದರು. ಆ ದಿನ ತರಗತಿಯಲ್ಲಿ ನಾನು ಯಾವ ಪಾಠದ ನಡುವೆಯೋ ಕುರಿಯ ಮಾತು ತೆಗೆದು ಅರ್ಧ ಗಂಟೆ ಹೇಳಿದೆ.

ಹೀಗೆ ಕಂಡು ಉಣ್ಣುವ ನೇಮ ಹೇಗೆ ಶುರುವಾಯಿತೆಂದು ನನಗೆ ಹೇಳಿದವರು ಅಮ್ಮ. ಬಾಗಿಲ ಆಚೆ ಕೂತು ಮೊರದಲ್ಲಿ ಅವರೆಕಾಳು ಕೇರುತ್ತ, ಬೈಯುವ ದನಿಯಲ್ಲೇ ಹೇಳಿದರು.

ಅಂಗಡಿ ಬಿಟ್ಟ ವರ್ಷ ಶ್ರಾವಣದಲ್ಲಿ ಇವರು ಮಠಕ್ಕೆ ಹೋಗಿದ್ದರಂತೆ. ಹಿರಿಯರೆಲ್ಲ ಸಾಲಾಗಿ ಕೂತು, ಅಂಗೈಯಲ್ಲಿ ವಿಭೂತಿ ಹಿಡಿದು, ಗುರುಗಳ ಮುಂದೆ ಒಂದೊಂದು ನೇಮ ಹಿಡಿಯುವುದು ಪದ್ಧತಿ. ಒಬ್ಬರು ಹೊಗೆಸೊಪ್ಪು ಬಿಟ್ಟರು, ಒಬ್ಬರು ಬದನೆಕಾಯಿ ಬಿಟ್ಟರು. ಇವರ ಸರದಿ ಬಂದಾಗ, "ನಾನು ಏನು ಬಿಡ್ಲಿ ಬುದ್ಧಿ? ಎಲ್ಲ ತಿಂದು ಎಲ್ಲ ನೋಡಿ ಮುಗಿಸೀನಿ. ಹೊಸದುರ್ಗದಾಗೆ ನಾನು ಕಾಣದ್ದು ಅಂಬೋದೇ ಇಲ್ಲ" ಎಂದರು. ಜಂಬಕ್ಕೆ ಅಂದದ್ದಲ್ಲ, ಬೇಸರಕ್ಕೆ ಅಂದದ್ದು. ಅಂಗಡಿಯ ಗಾದಿ ಬಿಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮುಖ ಗಂಟು ಹಾಕಿಕೊಂಡು ಜಗಲಿಯ ಮೇಲೆ ಕೂತು, ಬಂದವರಿಗೂ ಹೋದವರಿಗೂ ಸಿಡುಕುತ್ತಿದ್ದರು.

ಗುರುಗಳು ನಗುಮುಖದ ಮುದುಕರು. "ಹಂಗೋ? ಹಾಗಾದ್ರೆ ದಿನಾ ಕಾಣದ್ದು ಒಂದನ್ನ ಕಂಡ ಮ್ಯಾಲೆ ಉಣ್ಣು. ಕಾಣದಿದ್ದ ದಿನ ಉಣಬ್ಯಾಡ" ಎಂದರು. ಕೂತವರೆಲ್ಲ ಗೊಳ್ಳೆಂದು ನಕ್ಕರು. ಇವರೂ ನಕ್ಕು, "ಆಗ್ಲಿ ಬುದ್ಧಿ" ಎಂದರು.

"ನಗ್ತಾ ಅಂದಿದ್ದೇ ಖರೆ" ಎಂದರು ಅಮ್ಮ. "ಆದ್ರೆ ಅನ್ನೋವಾಗ ಕೈಯಾಗೆ ವಿಭೂತಿ ಇತ್ತಲ್ಲ ಮೇಷ್ಟ್ರೇ!"

ಗುರುಗಳು ತಮಾಷೆಗೆ ಅಂದರೋ ಬೇಕೆಂದೇ ಅಂದರೋ ಯಾರಿಗೂ ತಿಳಿಯದು. ಆದರೆ ವಿಭೂತಿ ಹಿಡಿದು ಆಗಲಿ ಎಂದ ಮೇಲೆ ಮುಗಿಯಿತು, ಆ ಮಾತಿಗೆ ಹಿಂದಕ್ಕೆ ಬರುವ ದಾರಿಯಿಲ್ಲ. ಮಠದಿಂದ ಮರಳಿದ ಮಾರನೆಯ ದಿನ ಇವರು ಊರೆಲ್ಲ ಸುತ್ತಿ ಬರಿಗೈಯಲ್ಲಿ ಬಂದು, ಮಧ್ಯಾಹ್ನ ದಾಟಿದರೂ ಉಣ್ಣದೆ ಹೊಸ್ತಿಲ ಮೇಲೆ ಕೂತರು. ಗಂಡ ಉಣ್ಣದೆ ಹೆಂಡತಿ ಉಣ್ಣುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಮ್ಮನೂ ಒಳಗೆ ಹಸಿದು ಕೂತರು. ಸಂಜೆಯಾಗುತ್ತ ಬಂದಾಗ ಇವರ ಕಣ್ಣು ಬಾಗಿಲ ಕಂಬದ ಬುಡಕ್ಕೆ ಬಿತ್ತು. ಕೆತ್ತನೆಯ ಬಳ್ಳಿಯ ನಡುವೆ, ಗೇಣುದ್ದದ ಎತ್ತರದಲ್ಲಿ, ಒಂದು ಗಿಣಿ ಕೂತಿತ್ತು. ಇವರು ಹುಟ್ಟಿದ ಮನೆ ಅದು. ಆ ಗಿಣಿಯನ್ನು ಒಮ್ಮೆಯೂ ನೋಡಿರಲಿಲ್ಲ.

"ಲೇ, ನಮ್ಮ ಕಂಬದಾಗೆ ಗಿಣಿ ಐತೆ ಬಾರೇ!" ಎಂದು ಕೂಗಿಕೊಂಡರಂತೆ.

"ಗಿಣಿ ಐತೆ ಅಂತ ಅವತ್ತು ಗೊತ್ತಾತಾ ಇವರಿಗೆ?" ಎಂದು ಅಮ್ಮ ಮೊರ ಕೆಳಗಿಟ್ಟರು. "ಮದುವ್ಯಾಗಿ ಈ ಮನಿಗೆ ಬಂದ ದಿನ ತಲೆ ಬಗ್ಗಿಸ್ಕಂಡು ಒಳಗೆ ಕಾಲಿಟ್ಟೆನಲ್ಲ, ಎಲ್ಲಾರಿಗಿಂತ ಮೊದ್ಲು ನಾನು ಕಂಡಿದ್ದೇ ಆ ಗಿಣಿ. ತಲೆ ಎತ್ಕಂಡು ತಿರುಗೋರಿಗೆ ಎಲ್ಲಿ ಕಾಣ್ತೈತೆ?"

ಹೀಗೆ ಹಸಿವಿನಿಂದ ಶುರುವಾದದ್ದು ನಾನು ನೋಡುವ ಹೊತ್ತಿಗೆ ಹಬ್ಬವಾಗಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಬರೀ ನೀರು ಕುಡಿದು, ಕೋಲು ಹಿಡಿದು ಹೊರಡುತ್ತಿದ್ದರು. ಬಹಳ ದಿನ ಹೊತ್ತೇರುವುದರೊಳಗೆ ಆ ಕೂಗು ಕೇಳುತ್ತಿತ್ತು. ಅವರು ಕಂಡದ್ದರಲ್ಲಿ ಊರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ, ಅದೇ ತಮಾಷೆ. ಹುಣಸೆಮರದ ಎಲೆ ಸಂಜೆಗೆ ಮಡಿಸಿಕೊಳ್ಳುತ್ತದೆಂದು ಸಂತೆಮೈದಾನದ ಮಕ್ಕಳಿಗೆಲ್ಲ ಗೊತ್ತು. ಇವರು ಒಂದು ಸಂಜೆ ಅದನ್ನು ಕಂಡು, ಆ ದಿನದ ಊಟ ಆಗಲೇ ಆಗಿದ್ದರೂ, ಮರದ ಕೆಳಗೆ ನಿಂತು ಹೋಗುವವರನ್ನೆಲ್ಲ ಕರೆದು ತೋರಿಸಿದರು. ಇದನ್ನು ನಾಳೆಯ ಊಟಕ್ಕೆ ಹಿಡಿಯಬಹುದಲ್ಲ ಎಂದು ನಾನೆಂದರೆ, "ನಾಳೆಗೆ ಇದು ಹಳೇದಾಗಿರ್ತೈತೆ ಬಿಡ್ರಿ" ಎಂದರು.

ತೆಂಗಿನಕಾಯಿಯ ವಿಷಯ ಇನ್ನೂ ಚೆನ್ನ. ಬದುಕೆಲ್ಲ ಕೊಬ್ಬರಿಯ ರಾಶಿಯ ನಡುವೆ ಕೂತವರು. ಒಂದು ದಿನ ಹಿತ್ತಲಿನ ಮೂಲೆಯಲ್ಲಿ ಎಸೆದ ಕಾಯಿಯೊಂದು ಮೊಳೆತದ್ದನ್ನು ಎತ್ತಿಕೊಂಡು, ಸಿಪ್ಪೆ ಸುಲಿದು, ಕೂಸನ್ನು ಎತ್ತಿದ ಹಾಗೆ ಎರಡು ಕೈಯಲ್ಲಿ ಹಿಡಿದು ಅಂಗಡಿಗೇ ನಡೆದರು. ಗಿರಾಕಿಗಳ ಮುಂದೆ ಮಗನಿಗೆ, "ನೋಡ್ಲೇ, ಇದಕ್ಕೆ ಮೂರು ಕಣ್ಣು ಅಂತೀವಲ್ಲ, ಎರಡು ಸುಳ್ಳು. ಮೊಳಕೆ ಬರೋದು ಈ ಒಂದರಾಗೆ!" ಎಂದರು. ಮಗನಿಗೆ ನಾಚಿಕೆ. "ಅಪ್ಪಾಜಿ, ಮನೀಗೆ ಹೋಗಾಣ ನಡೀರಿ" ಎಂದು ತೋಳು ಹಿಡಿದ. ಅವರು ನನ್ನ ಮುಂದೆ ಹೇಳಿಕೊಂಡರು: "ಮೊಳೆತ ಕಾಯಿ ಅಂದ್ರೆ ಅಂಗಡ್ಯಾಗೆ ನಷ್ಟ ಮೇಷ್ಟ್ರೇ. ಕಂಡ ತಕ್ಷಣ ಎಸೀತಿದ್ದೆ. ಎಸಿಯೋದನ್ನ ಯಾರು ತಿರುಗಿಸಿ ನೋಡ್ತಾರೆ?"

ಬೀದಿಯವರು ಕೆಣಕುವುದೂ ಇತ್ತು. ಎದುರು ಮನೆಯ ಗೌಡರೊಬ್ಬರು ಒಮ್ಮೆ, "ಏನ್ ಯಜಮಾನ್ರೇ, ನಮ್ಮ ಎಮ್ಮೆಗೆ ನಾಕು ಕಾಲು ಅವೆ. ನೋಡ್ಕಂಡು ಹೋಗ್ರಿ, ಉಣ್ಣೀರಂತೆ!" ಎಂದರು. ಇವರಿಗೆ ಸಿಟ್ಟು ಬರಲಿಲ್ಲ. ಎಮ್ಮೆಯ ಮುಂದೆ ಕೂತೇಬಿಟ್ಟರು. ಅದು ಮಲಗುವವರೆಗೂ ಕಾದರು, ಮತ್ತೆ ಏಳುವವರೆಗೂ ಕಾದರು. ಆಮೇಲೆ ಗೌಡರ ಬಾಗಿಲಲ್ಲೇ ನಿಂತು, "ಗೌಡ್ರೇ, ನಿಮ್ಮೆಮ್ಮೆ ಮಲಗೋವಾಗ ಮುಂಗಾಲು ಮೊದ್ಲು ಮಡಿಸ್ತೈತೆ, ಏಳೋವಾಗ ಹಿಂಗಾಲು ಮೊದ್ಲು ಎತ್ತತೈತೆ. ಭಾಳ ಉಪಕಾರ ಆತು, ಉಂಡು ಬರ್ತೀನಿ" ಎಂದು ಮನೆಗೆ ಬಂದರು. ಗೌಡರು ಆ ಸಂಜೆಯೆಲ್ಲ ಎಮ್ಮೆಯನ್ನು ಏಳಿಸಿ ಮಲಗಿಸಿ ನೋಡುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡೆ. ಎಮ್ಮೆಗೆ ಸಾಕಾಗಿಹೋಗಿತ್ತು.

ಸಿಗದ ದಿನಗಳೂ ಇದ್ದವು. ಆಗ ಅಮ್ಮನ ಬಾಯಿ ಜೋರಾಗುತ್ತಿತ್ತು. ಒಂದು ಮಧ್ಯಾಹ್ನ, "ಸಿಕ್ತು ಅಂತ ಒಂದು ಸುಳ್ಳು ಹೇಳ್ರಿ, ಯಾರು ಬಂದು ಕೇಳ್ತಾರೆ? ಹೊಟ್ಟೆ ನಂದೂ ಐತೆ" ಎಂದರು.

"ಅಂಗಡ್ಯಾಗೆ ಕುಂತು ಬೇಕಾದಷ್ಟು ಹೇಳೀನಲ್ಲೇ" ಎಂದರು ಇವರು. "ಇದೊಂದ್ರಾಗೆ ಬ್ಯಾಡ." ಕೋಲು ತೆಗೆದುಕೊಂಡು ಮತ್ತೆ ಬಿಸಿಲಿಗೆ ಹೊರಟರು.

ಬೇರೆಯವರು ಹೇಳಿದ್ದೂ ಲೆಕ್ಕಕ್ಕಿಲ್ಲ. ಇದರ ಮೇಲೆ ನನಗೂ ಅವರಿಗೂ ಜಗಳವೇ ಆಗಿತ್ತು. ಮಳೆಬಿಲ್ಲಿನ ಬಣ್ಣ ಹೇಗೆ ಬರುತ್ತದೆಂದು ನಾನು ವಿವರಿಸಲು ಹೋದರೆ ಎರಡು ಕಿವಿ ಮುಚ್ಚಿಕೊಂಡರು. "ಬ್ಯಾರೇರು ಕಂಡು ಹೇಳಿದ್ದು ಎಂಜಲು ಮೇಷ್ಟ್ರೇ. ನನಗೆ ಆಗಿಬರಲ್ಲ."

ನನಗೆ ರೇಗಿತು. ನಾನು ಕಲಿತದ್ದೆಲ್ಲ ಬೇರೆಯವರು ಕಂಡು ಬರೆದದ್ದು. ಜಗಲಿಯ ಮೇಲೆ ಮಲಗಿ, ಹಸಿದು ಕಲಿತದ್ದು. "ಎಂಜಲಾದರೂ ಸರಿ ಯಜಮಾನರೇ, ನನ್ನನ್ನು ಕುರಿಯ ಹಿಂದಿನಿಂದ ಎಬ್ಬಿಸಿ ಇಲ್ಲಿಗೆ ತಂದು ಕೂರಿಸಿದ್ದು ಅದೇ. ಅದಿಲ್ಲದಿದ್ದರೆ ನಿಮ್ಮ ಪಡಸಾಲೆಯ ಮೆಟ್ಟಲನ್ನೂ ನಾನು ಹತ್ತುವ ಹಾಗಿರಲಿಲ್ಲ" ಎಂದೆ. ಇಂದಿಗೂ ಹಾಗೆಯೇ ಹೇಳುತ್ತೇನೆ.

ಅವರು ಕಿವಿಯಿಂದ ಕೈ ತೆಗೆದರು. "ಅದೂ ಸರಿ" ಎಂದರು. "ನೀವು ಎಳೇರು, ಊರ ಅಡಿಗೆ ಎಲ್ಲ ಉಣ್ರಿ. ನನಗೆ ವಯಸ್ಸಾತು. ಹೊಟ್ಟೆ ಹಸಿವು ಇಳೀತು, ಕಣ್ಣಿನ ಹಸಿವು ಈಗ ಹತ್ತೈತೆ. ಇಷ್ಟು ವರ್ಷ ಎಲ್ಲಿ ಸತ್ತಿತ್ತೋ ಏನೋ." ನಕ್ಕು, ರುಮಾಲು ಸರಿಮಾಡಿಕೊಂಡರು. ಅದು ಮತ್ತೆ ಜಾರಿತು.

ಎರಡು ವರ್ಷ ಹೀಗೆ ಕಳೆಯಿತು. ಮೂರನೆಯ ಮಳೆಗಾಲದಲ್ಲಿ ಅವರು ಬಾವಿಕಟ್ಟೆಯ ಮೇಲೆ ಬಗ್ಗಿ ಬಸವನಹುಳುವಿನ ಕಣ್ಣು ಎಲ್ಲಿರುತ್ತದೆಂದು ನೋಡುತ್ತಿದ್ದಾಗ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ನಾಲ್ಕು ಜನ ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಮಲಗಿಸಿದರು. ನೋವಿನಲ್ಲೂ, "ಕಣ್ಣು ಕೋಡಿನ ತುದ್ಯಾಗೆ ಐತೆ ಕಣ್ರೋ!" ಎನ್ನುತ್ತಿದ್ದರು. ಆ ದಿನದ ಊಟವೇನೋ ಆಯಿತು. ಆದರೆ ಏಳಲಾಗದವರು ನಾಳೆಯಿಂದ ಏನು ಕಾಣಬೇಕು? ಕಾಣದಿದ್ದರೆ ಇಬ್ಬರಿಗೂ ಅನ್ನವಿಲ್ಲ. ಅಮ್ಮನ ಮುಖದಲ್ಲಿ ಭಯ ಕಂಡದ್ದು ಅಂದೇ ಮೊದಲು.

ಮೊದಮೊದಲು ಆ ಪಡಸಾಲೆಯೇ ಅವರಿಗೆ ಊರಾಯಿತು. ಮಲಗಿದಲ್ಲಿಂದಲೇ ಬೀದಿಯಲ್ಲಿ ಹೋಗುವವರ ಹೆಜ್ಜೆ ಕೇಳಿ ಯಾರೆಂದು ಗುರುತು ಹಿಡಿದರು. ಹೆಂಚಿನ ಸೀಳಿನಿಂದ ಗೋಡೆಯ ಮೇಲೆ ಬೀಳುವ ಬಿಸಿಲು, ಸೀಳು ವಕ್ರವಾಗಿದ್ದರೂ ದುಂಡಗೆ ಬೀಳುತ್ತದೆಂದು ಕಂಡುಹಿಡಿದರು. ಯಾಕೆ ಹಾಗೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ.

ಮಳೆ ಹೆಚ್ಚಿ ಚಳಿ ಹಿಡಿದಾಗ, ಊರಿನಿಂದ ನಮ್ಮವ್ವ ನೂತು ನಮ್ಮವರು ನೇದು ಕಳಿಸಿದ್ದ ಕರಿಕಂಬಳಿಯನ್ನು ತಂದು ಅವರಿಗೆ ಹೊದಿಸಿದೆ. ಹೊಸ ಕಂಬಳಿ, ತಗಡಿನ ಹಾಗೆ ಸೆಟೆದಿತ್ತು. ಅವರು ಬಹಳ ಹೊತ್ತು ಅದರ ಅಂಚನ್ನು ಬೆರಳಲ್ಲಿ ಉಜ್ಜಿದರು, ಮೂಸಿದರು, ಆಮೇಲೆ ನಾಲಗೆಯಿಂದ ನೆಕ್ಕಿಯೇಬಿಟ್ಟರು.

"ಹುಣಸೇಬೀಜ!" ಎಂದು ಕಣ್ಣರಳಿಸಿದರು. "ಇದಕ್ಕೆ ಹುಣಸೇಬೀಜದ ಅಂಟು ಬಳೀತಾರೆ, ಹೌದಲ್ಲ? ಹುಟ್ಟಿದಾಗಿಂದ ಹೊದ್ದೀನಿ, ನೆಕ್ಕಿರ್ಲಿಲ್ಲ ನೋಡ್ರಿ!"

ಹೌದು ಎಂದೆ. ನಮ್ಮವ್ವ ಹುಣಸೆಬೀಜ ಅರೆಯುತ್ತಿದ್ದ ಒರಳು, ಅಂಟು ಬಳಿದ ಹಾಸಿನ ಉದ್ದೆಳೆಯ ನೂಲನ್ನು ಬಯಲಲ್ಲಿ ಕಟ್ಟಿ ಕುಂಚದಿಂದ ತಿಕ್ಕುತ್ತಿದ್ದುದು, ಎಲ್ಲ ಹೇಳಬೇಕೆನಿಸಿತು. ಅವರು ಕಿವಿ ಮುಚ್ಚಿಕೊಳ್ಳಲಿಲ್ಲ. "ಇವತ್ತಿಂದು ನನಗೆ ಆತು, ಇನ್ನು ಹೇಳ್ರಿ" ಎಂದರು. ಕತ್ತಲಾಗುವವರೆಗೂ ಹೇಳಿದೆ. ಅಮ್ಮ ಬಾಗಿಲ ಬಳಿ ಕೂತು ಕೇಳಿದರು.

ಆಮೇಲೆ ಜ್ವರ ಬಂತು. ಕಣ್ಣು ತೆರೆಯುವುದೇ ಕಡಿಮೆಯಾಯಿತು. ಒಂದು ದಿನ ಏನೂ ಕಾ‌ಣದೆ ಹಾಗೆಯೇ ಹೋಯಿತು. ಅಮ್ಮ ಬಟ್ಟಲಲ್ಲಿ ಗಂಜಿ ತಂದರೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದರು. ಮಾರನೆಯ ದಿನವೂ ಹಾಗೆಯೇ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬಂದು ನಾಡಿ ನೋಡಿ, "ಔಷಧಿ ಆಮೇಲೆ, ಮೊದಲು ಹೊಟ್ಟೆಗೆ ಗಂಜಿ ಇಳಿಯಬೇಕು. ಇವತ್ತು ಇಳಿಯದಿದ್ದರೆ ನಾನು ಏನೂ ಹೇಳಲಾರೆ" ಎಂದು ಹೋದರು. ನೇಮ ಬಿಡಿಸಿಕೊಂಡು ಬರಲೆಂದು ಮಗ ಮಠಕ್ಕೆ ಗಾಡಿ ಕಟ್ಟಿಕೊಂಡು ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ಬರಿಗೈಯಲ್ಲಿ ಮರಳಿದ. ನೇಮ ಕೊಟ್ಟ ಹಿರಿಯ ಗುರುಗಳು ಲಿಂಗೈಕ್ಯರಾಗಿದ್ದರು. ಹೊಸ ಗುರುಗಳು ಚಿಕ್ಕ ವಯಸ್ಸಿನವರು. ಹಿರಿಯರು ಕೊಟ್ಟದ್ದನ್ನು ನಾನು ಹೇಗೆ ಬಿಡಿಸಲಿ ಎಂದು ಕಣ್ಣೀರು ತುಂಬಿಕೊಂಡರಂತೆ.

ಅಮ್ಮ ತಮಗೆ ತೋಚಿದ್ದನ್ನೆಲ್ಲ ಮಾಡಿದರು. ಹಳೆಯ ಪೆಟ್ಟಿಗೆ ತೆಗೆದು ತವರಿನ ಒಡವೆ ತೋರಿಸಿದರು. ಹಿತ್ತಲಿನ ಹೂ ತಂದು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿಕೊಂಡೇ ಅವರು, "ಅದು ನೀನು ಕಂಡಿದ್ದು" ಎಂದರು. ಆಮೇಲೆ ಆ ಮಾತೂ ನಿಂತಿತು.

ದೀಪ ಹಚ್ಚುವ ಹೊತ್ತು. ಮಗ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಕಾಲ ದೆಸೆಯಲ್ಲಿ ಕೂತಿದ್ದೆ. ಎರಡು ದಿನದಿಂದ ತಾವೂ ಏನೂ ಮುಟ್ಟದ ಅಮ್ಮ, ತಲೆಯ ದೆಸೆಯಲ್ಲಿ ಗಂಜಿಯ ಬಟ್ಟಲು ಹಿಡಿದು, "ಏನ್ರಿ... ಏನ್ರಿ, ಇಲ್ಲಿ ಕೇಳ್ರಿ..." ಎಂದು ಕರೆಯುತ್ತಲೇ ಇದ್ದರು. ಮದುವೆಯಾದ ದಿನದಿಂದ ಹಾಗೆ ಕರೆದವರು. ಯಜಮಾನರ ಉಸಿರು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು.

ಅಮ್ಮ ಬಟ್ಟಲು ಕೆಳಗಿಟ್ಟರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ಅವರ ಹೆಸರು ಹಿಡಿದು ಕರೆದರು.

ಗಟ್ಟಿಯಾಗಿ ಅಲ್ಲ. ಆದರೆ ಆ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಮಗ ನಿಂತಲ್ಲೇ ಸೆಟೆದ. ಅಡಿಗೆಮನೆಯಲ್ಲಿ ಸೊಸೆಯ ಕೈಯಿಂದ ಸೌಟು ಬಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಗಂಡನ ಆಯಸ್ಸು ಕುಗ್ಗುತ್ತದೆ. ಅಮ್ಮ ಅದನ್ನು ಎಷ್ಟು ನಂಬಿದ್ದರೆಂದರೆ, ಗುಡ್ಡದ ಮೇಲಿನ ದೇವರದೂ ಅದೇ ಹೆಸರಾದ್ದರಿಂದ, ದೇವರನ್ನು ಕೂಡ "ಮ್ಯಾಲಿನೋರು" ಎಂದೇ ಕರೆಯುತ್ತಿದ್ದರು. ಜನ ಎಣಿಸುವ ಖಾನೇಷುಮಾರಿಯವರು ಬಂದು ಯಜಮಾನರ ಹೆಸರೇನೆಂದು ಕೇಳಿದಾಗ, ಮೊಮ್ಮಗ ಬರುವವರೆಗೂ ಅವರನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟವರು. ಅಂಥವರು, ಸಾಯುವುದಕ್ಕೆ ಮಲಗಿದ್ದ ಗಂಡನ ಕಿವಿಯಲ್ಲಿ, ಬಾಯಾರೆ ಆ ಹೆಸರು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಬಾಯಲ್ಲಿ ಕೇಳಿದ ಮೇಲೆ ನನಗೆ ಕೈ ಬರುವುದಿಲ್ಲ.

ಅವರ ರೆಪ್ಪೆ ಅಲ್ಲಾಡಿತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯಿತು.

"ಯಾರದು ಕರೆದಿದ್ದು?"

"ನಾನೇ" ಎಂದರು ಅಮ್ಮ.

"ನೀನಾ?" ಅವರು ಅಮ್ಮನನ್ನೇ ನೋಡಿದರು. ಕುರಿಯ ಬಾಯಿಯನ್ನು, ಮೊಳೆತ ಕಾಯಿಯನ್ನು ನೋಡುವಾಗ ಮುಖದ ಮೇಲೆ ಬರುತ್ತಿದ್ದ ಬೆಳಕು, ಆ ಬತ್ತಿದ ಮುಖದ ಮೇಲೆ ನಿಧಾನವಾಗಿ ಬಂತು. "ನಿನ್ನ ಬಾಯಾಗೆ ಅದು ಹಂಗೆ ಕೇಳ್ತೈತಾ?" ಎಂದರು. "ನನಗೆ ಗೊತ್ತೇ ಇರ್ಲಿಲ್ಲ ನೋಡು."

ಬಾಯಿ ತೆರೆದರು.

ಅಮ್ಮ ಗಂಜಿ ಕುಡಿಸಿದರು. ಒಂದೊಂದು ಗುಟುಕು ಇಳಿದಾಗಲೂ ಎಡಗೈಯಿಂದ ತಮ್ಮ ಎರಡು ಕೆನ್ನೆಗೂ ತಟ್ಟಿಕೊಂಡು, ತಪ್ಪಾಯ್ತು ತಪ್ಪಾಯ್ತು ಎನ್ನುತ್ತಿದ್ದರು. ಅತ್ತ ಕಣ್ಣೀರು, ಇತ್ತ ಗಂಜಿ. ಅವರು ಮಾತ್ರ ನಡುವೆ ತುಟಿ ತೆಗೆದು, "ಸಾವಕಾಶ ಕುಡಿಸೇ, ಮೂಗಿಗೆ ಹೋಗ್ತೈತೆ" ಎಂದರು.

ಅವರ ಆಯಸ್ಸು ಕುಗ್ಗಲಿಲ್ಲ. ಚಳಿಗಾಲದ ಹೊತ್ತಿಗೆ ಕೋಲು ಹಿಡಿದು ಬೀದಿಗೆ ಬಂದರು. ನನಗೆ ಹೊಳಲ್ಕೆರೆಗೆ ವರ್ಗವಾಯಿತು, ಅಲ್ಲಿಂದ ಹಿರಿಯೂರಿಗೆ, ಅಲ್ಲಿಂದ ದುರ್ಗಕ್ಕೆ. ನನ್ನ ಕಿವಿಯ ಹತ್ತಿರ ನರೆ ಬರುವವರೆಗೂ ಅವರು ಕಂಡು ಕಂಡು ಉಂಡರು. ಈಗ ನಾನೂ ದಾರಿಯಲ್ಲಿ ನಿಲ್ಲುತ್ತೇನೆ. ಮೊನ್ನೆ ಕೋಟೆಯ ಗೋಡೆಯ ಹತ್ತಿರ ಬಗ್ಗಿ ನಿಂತಿದ್ದಾಗ ನನ್ನ ರುಮಾಲು ಕೆಳಗೆ ಬಿತ್ತು. ಹಿಂದೆ ಬರುತ್ತಿದ್ದ ಹುಡುಗರು ನಕ್ಕರು. ನಗಲಿ.

ಆದರೆ ಅವರನ್ನು ನೆನೆದಾಗಲೆಲ್ಲ ನನಗೆ ನೆನಪಾಗುವುದು ಆ ಸಂಜೆ. ಅವರು ಗಂಜಿ ಕುಡಿದು ನಿದ್ದೆ ಹೋದ ಮೇಲೆ, ಅಮ್ಮ ಒಳಗೆ ಹೋಗಿ ಉಂಡರು. ಎರಡು ದಿನದ ಮೇಲಿನ ಊಟ. ಆಮೇಲೆ ಎಂದಿನಂತೆ ನನ್ನ ರೊಟ್ಟಿ ತಂದರು. ಹೊಸ್ತಿಲ ಮೇಲೆ ಇಟ್ಟು ಹೋಗುವವರು, ಅಂದು ಹೋಗದೆ ಅಲ್ಲೇ ಬಾಗಿಲು ಹಿಡಿದು ನಿಂತರು. ಏನೋ ಕೇಳಲು ಬಂದಿದ್ದಾರೆಂದು ನಾನು ಎದ್ದೆ.

"ಎಷ್ಟು ಸಣ್ಣ ಹೆಸರು ಮೇಷ್ಟ್ರೇ" ಎಂದರು, ತಮ್ಮಷ್ಟಕ್ಕೆ ತಾವು ಹೇಳಿಕೊಳ್ಳುವ ಹಾಗೆ. "ನಾನು ಭಾಳ ದೊಡ್ಡದು ಅನ್ಕಂಡಿದ್ದೆ."